ಅಣ್ಣನ ಹೆಸರಿನಲ್ಲಿ ಬಂದ ಪ್ರಶ್ನೆಗಳು

ಮೊದಲಿಗೆ ಒಂದು ಕೋರಿಕೆ. ಈ ಬರಹದಲ್ಲಿ ಎಲ್ಲಿಯಾದರೂ ಕ್ರಮ ತಪ್ಪಿದ್ದರೆ, ಮುಖ್ಯವಾದದ್ದು ಮೊಟಕಾಗಿ ಸಣ್ಣದು ಉದ್ದವಾಗಿದ್ದರೆ, ಓದುವವರು ದಯವಿಟ್ಟು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಬರೆದದ್ದನ್ನು ಕೊಟ್ಟು, ‘ಇದು ಸರಿಯಾಗಿದೆಯೇ ನೋಡಿ’ ಎಂದು ಕೇಳಲು ಮನೆಯಲ್ಲಿ ನನಗೆ ಯಾರೂ ಇರಲಿಲ್ಲ. ಆದ್ದರಿಂದ ಪ್ರತಿಯೊಂದು ವಾಕ್ಯವನ್ನೂ ನಾನೇ ಬರೆದು, ನಾನೇ ಅನುಮಾನಿಸಿ, ನಾನೇ ತಿದ್ದುವ ಅಭ್ಯಾಸ ಬೆಳೆದುಬಿಟ್ಟಿದೆ. ಅದರಿಂದ ಬರಹ ಶುದ್ಧವಾಗುತ್ತದೆಯೋ ಬಿಗಿಯಾಗುತ್ತದೆಯೋ ನನಗೆ ಇನ್ನೂ ತಿಳಿದಿಲ್ಲ.

ನಾನು ಅಂಕೋಲಾ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಒಂದು ವರ್ಷ ಮಳೆಗಾಲದಲ್ಲಿ ಕಾರವಾರದಲ್ಲಿ ನಡೆದ ತರಬೇತಿಯೊಂದಕ್ಕೆ ನನ್ನನ್ನು ಕಳುಹಿಸಿದರು. ಆನ್‌ಲೈನ್ ಚರ್ಚಾ ಫಲಕವನ್ನು ಮಕ್ಕಳ ಜೊತೆ ಬಳಸುವುದು ಹೇಗೆ ಎಂಬುದು ಅಲ್ಲಿಯ ವಿಷಯ. ಶಿಕ್ಷಕರು ಫಲಕದಲ್ಲಿ ಒಂದು ಪ್ರಶ್ನೆ ಹಾಕಬೇಕು. ಮಕ್ಕಳು ಮನೆಯ ಫೋನಿನಿಂದ ಅದರ ಕೆಳಗೆ ಬರೆಯಬೇಕು. ಒಬ್ಬರು ಬರೆದದ್ದರ ಕೆಳಗೆ ಇನ್ನೊಬ್ಬರು ಉತ್ತರಿಸಬಹುದು, ಒಪ್ಪದಿದ್ದರೆ ಯಾಕೆ ಎಂದು ಹೇಳಬಹುದು. ಫೋನಿನ ಗುಂಪುಗಳಲ್ಲಿ ಆಗುವಂತೆ ಮಾತುಗಳು ಹರಿದುಹೋಗದೆ, ಯಾವ ಪ್ರಶ್ನೆಗೆ ಯಾವ ಮಾತು ಎಂಬುದು ಗೊತ್ತಾಗುವಂತೆ ಅಲ್ಲಿಯೇ ಉಳಿಯುತ್ತವೆ. ‘ಶಿಕ್ಷಕರು ಆದಷ್ಟು ಕಡಿಮೆ ಮಾತಾಡಬೇಕು’ ಎಂದು ತರಬೇತಿ ಕೊಟ್ಟವರು ಒತ್ತಿ ಹೇಳಿದರು. ನನ್ನ ಪಕ್ಕದಲ್ಲಿ ಕುಳಿತಿದ್ದ, ಚಿತ್ತಾಕುಲದ ಕಡೆಯ ಶಾಲೆಯ ಶಿಕ್ಷಕಿಯೊಬ್ಬರು ನನ್ನ ಕಿವಿಯ ಹತ್ತಿರ ಬಾಗಿ, “ನಮ್ಮ ಮಕ್ಳು ಬಾಯಲ್ಲಿ ಕೊಂಕಣಿ, ಪಾಟಿ ಮೇಲೆ ಕನ್ನಡ. ಫೋನಲ್ಲಿ ಎರಡೂ ಅಲ್ಲ, ಬರೀ ನಗೋ ಗೊಂಬೆ. ನಿಮ್ಮಲ್ಲಿ ಹೆಂಗೋ ನೋಡಿ ಹೇಳಿ,” ಎಂದರು.

ನಮ್ಮಲ್ಲಿ ಹೇಗೆ ಎಂಬುದು ಮೊದಲ ವಾರದಲ್ಲೇ ತಿಳಿಯಿತು. ‘ಮೀನನ್ನು ಒಣಗಿಸುವ ಮೊದಲು ಉಪ್ಪು ಹಾಕುವುದೇಕೆ?’ ಎಂದು ಫಲಕದಲ್ಲಿ ಕೇಳಿದ್ದೆ. ಕಡಲಂಚಿನ ಹಾರವಾಡದಿಂದ ಬರುವ ಮಕ್ಕಳೇ ತರಗತಿಯಲ್ಲಿ ಹೆಚ್ಚಿದ್ದರು. ಮನೆಯ ಮುಂದೆಯೇ ಮೀನು ಒಣಗುವ ಮಕ್ಕಳು. ಬಹಳ ಬರೆಯುತ್ತಾರೆ ಎಂದುಕೊಂಡೆ. ಸಂಜೆ ತೆರೆದು ನೋಡಿದರೆ ಸಾಲಾಗಿ ‘ಎಸ್ ಟೀಚರ್’, ‘ಎಸ್ ಟೀಚರ್’, ‘ಹಾಜರ್ ಅಕ್ಕೋರೆ’, ‘ಗುಡ್ ಈವನಿಂಗ್ ಅಕ್ಕೋರೆ’. ಫಲಕವೆಂದರೆ ಸಂಜೆಯ ಹಾಜರಿ ಎಂದು ಅವರು ತಿಳಿದಿದ್ದರು. ತರಗತಿಯಲ್ಲಿ ಬಿಡಿಸಿ ಹೇಳಿದ ಮೇಲೆ ಪಠ್ಯಪುಸ್ತಕದ ಒಂದೇ ವಾಕ್ಯ ಎಲ್ಲರಿಂದಲೂ ಬಂದಿತು. ಯಾರೂ ಯಾರ ಮಾತಿನ ಕೆಳಗೂ ಏನನ್ನೂ ಬರೆಯಲಿಲ್ಲ.

“ಅವಳು ಬರೆದದ್ದು ಸರಿಯೋ ತಪ್ಪೋ ಎಂದು ನೀನು ಯಾಕೆ ಹೇಳಬಾರದು?” ಎಂದು ಮುಂದಿನ ಬೆಂಚಿನ ಒಬ್ಬ ಹುಡುಗಿಯನ್ನು ಕೇಳಿದೆ.

“ಅವ್ಳು ಬರ್ದದ್ದು ನಿಮ್ಗೆ ಅಲ್ದಾ ಅಕ್ಕೋರೆ? ನಡೂಕೆ ನಾ ಬಾಯಿ ಹಾಕೂದು ಹೆಂಗೆ?” ಎಂದಳು.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ವಿಷಯಕ್ಕೆ ಬರಬೇಕು. ಮನೆಯಲ್ಲಿ ನಮ್ಮ ತಾಯಿ ಅವ್ವಿ, ಅಣ್ಣ, ಅತ್ತಿಗೆ, ಅವರ ಚಿಕ್ಕ ಮಗಳು ಮತ್ತು ನಾನು. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಅವ್ವಿ ಮತ್ತು ಅತ್ತಿಗೆ ಊರಿನ ಗದ್ದೆಗಳಿಗೆ ನಟ್ಟಿ ಹಾಗೂ ಕೊಯ್ಲಿನ ಕೂಲಿಗೆ ಹೋಗುತ್ತಿದ್ದರು. ಅಣ್ಣ ಹಾರವಾಡ ಮತ್ತು ಅಂಕೋಲೆಯ ನಡುವೆ ಪ್ರಯಾಣಿಕರ ಟೆಂಪೋ ಓಡಿಸುತ್ತಾನೆ. ನಮ್ಮ ಶಾಲೆಯ ಹೆಚ್ಚಿನ ಮಕ್ಕಳು ಅವನ ಟೆಂಪೋದಲ್ಲೇ ಬರುವುದು, ಹೋಗುವುದು.

ಅತ್ತಿಗೆಯ ತವರು ರಾಮನಗುಳಿಯ ಕಡೆ. ಒಂಬತ್ತನೆಯ ತರಗತಿ ಮುಗಿಸಿದಾಗ ಅವಳ ತಾಯಿ ಕಾಯಿಲೆ ಬಿದ್ದು, ಶಾಲೆ ಅಲ್ಲಿಗೇ ನಿಂತಿತು. ಆ ವರ್ಷ ಒಂದು ಮಧ್ಯಾಹ್ನ, ಬಾವಿಯ ಹತ್ತಿರ ಪಾತ್ರೆ ಬೆಳಗುತ್ತಾ, ನನ್ನ ಮುಖ ನೋಡದೆ ಕೇಳಿದಳು: “ತಂಗೀ, ನನ್ನಂಥವ್ರು ಎಸ್ಸೆಸ್ಸೆಲ್ಸಿ ಕಟ್ಟೂಕೆ ಬತ್ತದಾ?”

ಶಾಲೆಗೆ ಬಾರದೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯಬಹುದು, ಒಂದು ಶಾಲೆಯ ಮೂಲಕ ಹೆಸರು ನೋಂದಾಯಿಸಬೇಕು, ಅದಕ್ಕೆ ಕೊನೆಯ ದಿನ ಎಂದು ಇರುತ್ತದೆ ಎಂದೆಲ್ಲ ನಾನು ಕ್ರಮವಾಗಿ ವಿವರಿಸಿದೆ.

“ಗದ್ದೆ ಕೆಲ್ಸ ನಂಗೆ ಬೇಜಾರು ಅಂತಲ್ಲ ಮತ್ತೆ,” ಎಂದಳು. “ಅದೊಂದೇ ಬತ್ತದೆ ಅಂತ ಆಗೂದು ಬ್ಯಾಡ. ಅಷ್ಟೇ.”

“ಅಣ್ಣನಿಗೆ ಹೇಳಿದ್ದೀಯಾ?”

“ಇಲ್ಲ. ನೀನೂ ಹೇಳ್ಬ್ಯಾಡ. ಅವ್ರು ಒಂದ್ಸಲ ಬ್ಯಾಡ ಅಂದ್ರೆ ಆತು. ಮತ್ತೆ ಕೇಳೂಕೆ ನಂಗೆ ಬಾಯಿ ಬತ್ತಿಲ್ಲ. ಓದೂಕೆ ಆತದೋ ಇಲ್ವೋ ಮೊದ್ಲು ನಾ ನೋಡ್ಕಂತೆ. ಆತದೆ ಅಂತ ಕಂಡ್ರೆ ಹೇಳ್ತೆ.”

ಅತ್ತಿಗೆಯ ಮಾತಿನಲ್ಲಿ ಅಣ್ಣ ಯಾವಾಗಲೂ ‘ಅವ್ರು’. ಗಂಡನ ಹೆಸರನ್ನು ಅವಳು ಬಾಯಿಂದ ಹೇಳುವುದಿಲ್ಲ. ನನ್ನ ವಯಸ್ಸಿನ ಎಷ್ಟೋ ಹೆಂಗಸರು ಈ ಪದ್ಧತಿಯನ್ನು ಬಿಟ್ಟಿದ್ದಾರೆ. ಅತ್ತಿಗೆ ಬಿಟ್ಟಿರಲಿಲ್ಲ. ಪಡಿತರದ ಅಂಗಡಿಯಲ್ಲಿ ಕಾರ್ಡು ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಮಗಳನ್ನು ಮುಂದೆ ತಳ್ಳಿ ಹೇಳಿಸುತ್ತಿದ್ದಳು. ಮಗಳು ಜೊತೆಯಲ್ಲಿ ಇಲ್ಲದ ದಿನ ಸಾಲಿನಲ್ಲಿ ಹಿಂದೆ ನಿಂತವರು ಯಾರಾದರೂ ಹೇಳಬೇಕು. ಹೇಳಿದರೆ ಏನಾಗುತ್ತದೆ ಎಂದು ನಾನು ಒಮ್ಮೆ ಕೇಳಿದ್ದೆ. “ಎಂತಾ ಆಗೂದಿಲ್ಲ. ಬಾಯಿಗೆ ಬರೂದಿಲ್ಲ, ಅಷ್ಟೇ,” ಎಂದಿದ್ದಳು.

ಅಣ್ಣ ಹೊಸ ಫೋನು ಕೊಂಡ ಮೇಲೆ ಅವನ ಹಳೆಯ ಫೋನು ಮನೆಯಲ್ಲೇ ಉಳಿದಿತ್ತು. ಮಕ್ಕಳ ಕಡೆಯಿಂದ ಫಲಕ ಹೇಗೆ ಕಾಣುತ್ತದೆ ಎಂದು ಪರೀಕ್ಷಿಸಲು ನಾನು ಆ ಫೋನನ್ನೇ ಬಳಸಿದ್ದೆ. ಫೋನು ಅಣ್ಣನ ಹೆಸರಿನಲ್ಲಿದ್ದುದರಿಂದ ಫಲಕದಲ್ಲಿಯೂ ಆ ಹೆಸರೇ ಮೂಡಿತ್ತು. ಅತ್ತಿಗೆಗೆ ಆ ಫೋನನ್ನು ಕೊಟ್ಟು, “ಇದರಲ್ಲಿ ಮಕ್ಕಳು ಬರೆಯುವುದನ್ನು ಓದುತ್ತಿರು. ವಿಜ್ಞಾನ ಸ್ವಲ್ಪ ಸ್ವಲ್ಪ ನೆನಪಿಗೆ ಬರುತ್ತದೆ,” ಎಂದೆ. ಓದುವಳು ಎಂದು ಮಾತ್ರ ನಾನು ಎಣಿಸಿದ್ದೆ.

ಎರಡು ದಿನ ಕಳೆದು ಶಾಲೆಯ ಬಿಡುವಿನಲ್ಲಿ ಫಲಕ ತೆರೆದಾಗ ಅಣ್ಣನ ಹೆಸರು ಕಂಡು ಬೆಚ್ಚಿದೆ. ಉಪ್ಪು ಮೀನಿನೊಳಗಿನ ನೀರನ್ನು ಎಳೆಯುತ್ತದೆ ಎಂದು ಒಬ್ಬಳು ಬರೆದಿದ್ದಳು. ಅದರ ಕೆಳಗೆ ಹೀಗಿತ್ತು: ‘ಉಪ್ಪು ನೀರನ್ನು ಎಳೆಯುತ್ತದೆ ಎಂದು ಎಲ್ಲರೂ ಬರೆದಿದ್ದೀರಿ. ಹೇಗೆ ಎಳೆಯುತ್ತದೆ? ಉಪ್ಪಿಗೆ ಕೈ ಇದೆಯೇ?’

ಅಣ್ಣ ಆ ಹೊತ್ತಿನಲ್ಲಿ ಹೆದ್ದಾರಿಯಲ್ಲಿ ಟೆಂಪೋ ಓಡಿಸುತ್ತಿರುತ್ತಾನೆ. ಏಳನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ಅವನು ಉಪ್ಪಿನ ಬಗ್ಗೆ ಯೋಚಿಸಿದ್ದು ಸಾರಿನಲ್ಲಿ ಅದು ಕಡಿಮೆಯಾದಾಗ ಮಾತ್ರ. ಮನೆಗೆ ಬಂದು ಅತ್ತಿಗೆಯನ್ನು ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

“ನಿನ್ನ ಹೆಸರು ಹಾಕಿಕೊಡುತ್ತೇನೆ, ಅತ್ತಿಗೆ.”

“ಬ್ಯಾಡ, ಬ್ಯಾಡ. ನನ್ನ ಹೆಸ್ರು ಕಂಡ್ರೆ ನಾಳೆ ನಟ್ಟಿ ಗದ್ದೇಲಿ ಎಲ್ರೂ ಹೇಳೂಕೆ ಶುರು ಮಾಡ್ತ್ರು, ‘ಬಂದ್ಲು ಕಾಲೇಜ್ ಹುಡ್ಗಿ’ ಅಂತ. ಗಂಡಸ್ರ ಹೆಸ್ರಿದ್ರೆ ಯಾರೂ ಎಂತಾ ಹೇಳೂದಿಲ್ಲ.”

ಈ ಲೆಕ್ಕದಲ್ಲಿ ಒಂದು ಸಂಗತಿಯನ್ನು ನಾವಿಬ್ಬರೂ ಗಮನಿಸಿರಲಿಲ್ಲ. ಆ ಹೆಸರಿನ ಗಂಡಸಿನ ಟೆಂಪೋದಲ್ಲೇ ಮಕ್ಕಳು ದಿನಾ ಕೂರುತ್ತಿದ್ದರು.

ಫಲಕ ಒಮ್ಮೆಲೇ ಜೀವ ತಳೆದದ್ದನ್ನು ನಾನು ಈಗಲೂ ಕುತೂಹಲದಿಂದ ನೆನೆಯುತ್ತೇನೆ. ಅಕ್ಕೋರು ಕೇಳಿದಾಗ ಬಾರದ ಮಾತುಗಳು ಟೆಂಪೋ ಅಣ್ಣ ಕೇಳಿದಾಗ ಬಂದವು. ಅಕ್ಕೋರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದವರಿಗೆ ಹೇಳುವುದು ಪರೀಕ್ಷೆ. ಟೆಂಪೋ ಅಣ್ಣನಿಗೆ ನಿಜವಾಗಿಯೂ ಗೊತ್ತಿಲ್ಲ. ಅವನಿಗೆ ಹೇಳಿಕೊಡಲೇಬೇಕು. ಒಬ್ಬ, ‘ಕೈ ಇಲ್ಲ ಅಣ್ಣಾ, ಅದು ಅಭಿಸರಣೆ’ ಎಂದು ಬರೆದ. ಅದರ ಕೆಳಗೆ ಇನ್ನೊಬ್ಬಳು, ‘ಹೆಸರು ಹೇಳಿದರೆ ಅಣ್ಣನಿಗೆ ಹೇಗೆ ತಿಳಿಯುತ್ತದೆ? ಬಿಡಿಸಿ ಹೇಳು’ ಎಂದು ಗದರಿದಳು. ಒಬ್ಬಳು ಸವತೆಕಾಯಿಯ ಹೋಳಿಗೆ ಉಪ್ಪು ಸವರಿ, ಬಟ್ಟಲಲ್ಲಿ ಬಿಟ್ಟ ನೀರಿನ ಚಿತ್ರ ತೆಗೆದು ಹಾಕಿದಳು. ‘ನಡೂಕೆ ಬಾಯಿ ಹಾಕೂದು ಹೆಂಗೆ’ ಎಂದಿದ್ದ ಹುಡುಗಿಯೇ ಈಗ ಮೂವರ ಮಾತಿನ ನಡುವೆ ಬಾಯಿ ಹಾಕಿದ್ದಳು. ಸಂಜೆ ಆರರ ನಂತರ ಫಲಕ ಮುಚ್ಚಬೇಕೆಂಬ ನಿಯಮವನ್ನು ನಾನೇ ಮಾಡಿ, ನಾನೇ ಮುಚ್ಚಲು ಮನಸ್ಸಿಲ್ಲದೆ ಕೂತಿರುತ್ತಿದ್ದೆ.

ಇತ್ತ ಟೆಂಪೋದಲ್ಲಿ ನಡೆಯುತ್ತಿದ್ದದ್ದು ನನಗೆ ಅಣ್ಣನ ಬಾಯಿಂದಲೇ ತಿಳಿಯಿತು. ಒಂದು ರಾತ್ರಿ ಊಟಕ್ಕೆ ಕೂತಾಗ ಅವನು ಬಂಗಡೆಯ ಮುಳ್ಳು ಬಿಡಿಸುತ್ತಾ, “ತಂಗೀ, ನಿನ್ನ ಶಾಲೆ ಮಕ್ಳಿಗೆ ಎಂತಾ ಆಗದೆ ಮಾರಾಯ್ತಿ?” ಎಂದ. “ಹತ್ತಿದ್ದೇ ತಡ, ‘ಅಣ್ಣಾ, ಉಪ್ಪಿಗೆ ಕೈ ಇಲ್ಲ’ ಅಂತ ಶುರು ಮಾಡ್ದವು. ಅದೆ ಅಂತ ನಾ ಎಲ್ಲಿ ಹೇಳ್ದೆ? ಒಂದು ಹುಡ್ಗಿ ಗೇರ್ ಹಿಡಿಕೆ ಹತ್ರ ಬಂದು ಬಗ್ಗಿ, ‘ತಿಳೀತಾ ಅಣ್ಣಾ?’ ಅಂತದೆ. ಹೂಂ ಅಂದೆ. ಮತ್ತೆಂತ ಹೇಳೂದು?”

ಅತ್ತಿಗೆ ಒಲೆಯ ಕಡೆಗೆ ತಿರುಗಿ ಕೂತಿದ್ದಳು. ಅವಳ ಭುಜ ಮಾತ್ರ ಅಲುಗುತ್ತಿತ್ತು. ಸ್ವಲ್ಪ ಹೊತ್ತಿಗೆ, ಏನೂ ತಿಳಿಯದವಳಂತೆ, “ಹೌದಾ? ಹಂಗಾರೆ ನೀರು ಹೊರಗೆ ಬರೂದು ಹೆಂಗಂತೆ?” ಎಂದು ಕೇಳಿದಳು. ಅಣ್ಣ ಮಕ್ಕಳು ಹೇಳಿದ್ದನ್ನೆಲ್ಲ ತನಗೆ ತಿಳಿದಷ್ಟು ಹೇಳಿದ. ಒಂದು ಕಡೆ ಉಪ್ಪು ಹೆಚ್ಚು, ಒಂದು ಕಡೆ ಕಡಿಮೆ, ನಡುವೆ ತೆಳ್ಳಗಿನ ಪೊರೆ. ಅನ್ನದ ಅಗುಳುಗಳನ್ನೇ ತಟ್ಟೆಯಲ್ಲಿ ಎರಡು ಗುಂಪು ಮಾಡಿ ತೋರಿಸಿದ. ಅತ್ತಿಗೆ ಬಗ್ಗಿ ನೋಡಿದಳು. ತಾನು ಯಾರಿಗೆ ಪಾಠ ಹೇಳುತ್ತಿದ್ದೇನೆ, ಯಾಕೆ ಹೇಳುತ್ತಿದ್ದೇನೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವ್ವಿ ಮಾತ್ರ, “ಉಣ್ಣೂ ಅನ್ನದಾಗೆ ಎಂತಾ ಆಟ?” ಎಂದು ಬೈದಳು.

ಹೀಗೆ ಮಳೆಗಾಲ ಮುಗಿಯುವವರೆಗೂ ನಡೆಯಿತು. ಅತ್ತಿಗೆಗೆ ಒಂದೊಂದು ಪಾಠವೂ ಎರಡು ದಾರಿಯಿಂದ ಬರುತ್ತಿತ್ತು, ಫೋನಿನಿಂದ ಒಮ್ಮೆ, ಗಂಡನಿಂದ ಒಮ್ಮೆ. ‘ಆತದೆ ಅಂತ ಕಾಣ್ತದೆ ತಂಗೀ’ ಎಂದು ಅವಳು ಒಂದು ದಿನ ಹೇಳಿದಳು. ಆದರೆ ಅಣ್ಣನಿಗೆ ಹೇಳುವುದನ್ನು ಮುಂದಕ್ಕೆ ಹಾಕುತ್ತಲೇ ಇದ್ದಳು. ನೋಂದಣಿಯ ಕೊನೆಯ ದಿನ ಹತ್ತಿರವಾಗುತ್ತಿತ್ತು.

ಆಗ ಬಾವಿಯ ಪ್ರಶ್ನೆ ಬಂದಿತು. ಚಂದ್ರ ಎಳೆಯುವುದರಿಂದ ಸಮುದ್ರ ಉಬ್ಬಿ ಭರತ ಬರುತ್ತದೆ ಎಂದು ಮಕ್ಕಳು ಬರೆದಿದ್ದರು. ಅತ್ತಿಗೆ ಕೇಳಿದಳು: ‘ಚಂದ್ರ ಸಮುದ್ರವನ್ನು ಎಳೆಯುವುದಾದರೆ ಬಾವಿಯ ನೀರನ್ನು ಯಾಕೆ ಎಳೆಯುವುದಿಲ್ಲ?’ ಬಾವಿ ಚಿಕ್ಕದು, ಅದಕ್ಕೆ, ಎಂದು ಹಲವರು ಉತ್ತರಿಸಿದರು. ಆದರೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ತಮ್ಮ ಮನೆಯ ಬಾವಿ ಕೆಲವೊಮ್ಮೆ ಏರಿದಂತೆ ಕಾಣುತ್ತದೆ, ಅಜ್ಜಿ ಹಾಗೆ ಹೇಳುತ್ತಾಳೆ ಎಂದು ಬರೆದಳು. ನನಗೂ ಅದು ತಿಳಿದಿರಲಿಲ್ಲ. ಕಡಲಂಚಿನ ಮರಳು ನೆಲದಲ್ಲಿ ಭರತದ ಒತ್ತಡ ಬಾವಿಯವರೆಗೂ ತಲುಪಬಹುದೇ ಎಂದು ಪುಸ್ತಕಗಳನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತಿಗೆ ಅಣ್ಣನ ಹೆಸರಿನಲ್ಲಿ ಆ ಹುಡುಗಿಗೆ ಬರೆದಿದ್ದಳು: ‘ನಿಮ್ಮ ಮನೆ ಸಮುದ್ರದಿಂದ ಎಷ್ಟು ದೂರ? ಬಾವಿ ಮನೆಯ ಮುಂದೆಯೋ ಹಿಂದೆಯೋ? ಸಂಜೆ ಭರತದ ಹೊತ್ತಿಗೆ ಬಾವಿಯ ಹತ್ತಿರ ಹೋಗಿ ನೋಡಿ ನನಗೆ ಹೇಳು.’

ಹುಡುಗಿ ಬರೆಯುತ್ತಿದ್ದ ಫೋನು ಅವಳ ತಂದೆಯದು. ಅವರು ಕಾರವಾರದ ಒಂದು ಕಚೇರಿಯಲ್ಲಿ ನೌಕರಿಯಲ್ಲಿರುವವರು. ಮಗಳಿಗೆ ಒಬ್ಬ ಟೆಂಪೋ ಚಾಲಕ, ಮನೆ ಎಲ್ಲಿ, ಬಾವಿ ಎಲ್ಲಿ, ಸಂಜೆ ಅಲ್ಲಿಗೆ ಹೋಗು ಎಂದು ಬರೆದಿದ್ದನ್ನು ಅವರು ಓದಿದರು. ಮರುದಿನ ರಜೆ ಹಾಕಿ ಮಗಳೊಂದಿಗೆ ಶಾಲೆಗೆ ಬಂದರು. ಅವರ ಜಾಗದಲ್ಲಿ ನಾನಿದ್ದರೂ ಬರುತ್ತಿದ್ದೆ.

ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿದರು. ಅಣ್ಣನಿಗೂ ಹೇಳಿ ಕಳುಹಿಸಿದ್ದರು. ಕಚೇರಿಗೆ ಹೋಗುವ ಮೊದಲು ನಾನು ಅತ್ತಿಗೆ ಗದ್ದೆಗೂ ಒಯ್ಯುತ್ತಿದ್ದ ಆ ಹಳೆಯ ಫೋನಿಗೆ ಕರೆ ಮಾಡಿ ನಡೆದದ್ದನ್ನು ಹೇಳಿದೆ. ಮಾತು ಮುಗಿಯುವ ಮೊದಲೇ ಅವಳು ಫೋನು ಇಟ್ಟಳು.

ಕಚೇರಿಯಲ್ಲಿ ಹುಡುಗಿಯ ತಂದೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. “ನನ್ನ ಮಗ್ಳಿಗೆ ಬಾವಿ ಎಲ್ಲಿ ಅದೆ ಅಂತ ಕೇಳೂಕೆ ಇವ್ನಿಗೆ ಎಂತಾ ಕೆಲ್ಸ ಸರ್? ನಾಳಿಂದ ಇವ್ನ ಟೆಂಪೋಕ್ಕೆ ಒಂದು ಮಗೂನೂ ಹತ್ತೂದು ಬ್ಯಾಡ ಅಂತ ಎಲ್ರ ಮನೆಗೂ ಹೇಳ್ತೆ,” ಎಂದರು.

“ನಾ ಬರ್ದದ್ದಲ್ಲ. ದೇವ್ರಾಣೆಗೂ ಅಲ್ಲ,” ಎಂದ ಅಣ್ಣ.

ಮುಖ್ಯೋಪಾಧ್ಯಾಯರು ಹೊರಗೆ ನಿಂತಿದ್ದ ಇಬ್ಬರು ಮಕ್ಕಳನ್ನು ಕರೆದು, ಬರೆಯುವುದು ಟೆಂಪೋ ಅಣ್ಣನೇ ಎಂದು ಹೇಗೆ ಗೊತ್ತು ಎಂದು ಕೇಳಿದರು.

“ಸರ್, ನಾವು ಟೆಂಪೋದಲ್ಲಿ ಉತ್ತರ ಹೇಳ್ತೆವು. ಅಣ್ಣ ಹೌದು ಹೌದು ಅಂತ್ರು.”

“ಮೊನ್ನೆ ಚಂದ್ರಂದು ಹೇಳ್ದಾಗ, ‘ಈಗ ಸಮಾ ತಿಳೀತು’ ಅಂದ್ರು ಸರ್.”

ಅಣ್ಣ ನನ್ನ ಕಡೆ ನೋಡಿದ. “ಮಕ್ಳು ಅಷ್ಟು ಪ್ರೀತೀಲಿ ಹೇಳ್ತಾವೆ, ನಾ ಹೂಂ ಅಂದೆ. ತಿಳೀಲಿಲ್ಲ ಅನ್ನೂಕೆ ನಾಚ್ಕೆ ಆತು ಸರ್,” ಎಂದ. ಅವನ ಮಾತನ್ನು ಅಲ್ಲಿ ಯಾರೂ ನಂಬಿದಂತೆ ಕಾಣಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಬಳಿ ಅತ್ತಿಗೆ ಕಂಡಳು. ಪಕ್ಕದ ಗದ್ದೆಯ ಕೊಯ್ಲಿನಿಂದ ನೇರವಾಗಿ ಬಂದಿದ್ದಳು. ಕೈಯಲ್ಲಿದ್ದ ಕತ್ತಿಯನ್ನು ಹೊರಗೆ ಚಪ್ಪಲಿಗಳ ಪಕ್ಕದಲ್ಲಿಟ್ಟು, ಸೆರಗು ಸರಿ ಮಾಡಿಕೊಂಡು ಒಳಗೆ ಬಂದಳು.

“ಬರ್ದದ್ದು ನಾನು,” ಎಂದಳು.

ಅಣ್ಣ ಗೋಡೆಯ ಕಡೆಗೆ ಸರಿದು ಅವಳಿಗೆ ಜಾಗ ಬಿಟ್ಟ.

ಮುಖ್ಯೋಪಾಧ್ಯಾಯರು ಮೆಲ್ಲಗೆ, “ಯಾವ ಹೆಸರಿನಲ್ಲಿ ಬರೆಯುತ್ತಿದ್ದಿರಿ? ಅದನ್ನು ಹೇಳಿ,” ಎಂದರು. ಖಚಿತ ಮಾಡಿಕೊಳ್ಳಲು ಕೇಳಿದ ಸಾದಾ ಪ್ರಶ್ನೆ. ಅತ್ತಿಗೆ ನೆಲ ನೋಡಿದಳು. ಅವರು ಇನ್ನೊಮ್ಮೆ ಕೇಳಿದರು. ಅವಳು ಕಿಟಕಿಯಾಚೆ ನಿಂತಿದ್ದ ಟೆಂಪೋದ ಕಡೆ ಕೈ ತೋರಿಸಿದಳು.

“ಕಂಡ್ರಾ ಸರ್,” ಎಂದರು ಹುಡುಗಿಯ ತಂದೆ. “ಗಂಡನ್ನ ಉಳಿಸ್ಕಣೂಕೆ ಬಂದದ್ದು. ಎಂತಾ ಹೆಸ್ರು ಅಂತ್ಲೂ ಗೊತ್ತಿಲ್ಲ.”

“ಅಪ್ಪಾ, ಅದು ಅವ್ರ ಗಂಡನ ಹೆಸ್ರು,” ಎಂದಳು ಅವರ ಮಗಳು. “ಅವ್ರು ಹೆಂಗೆ ಹೇಳ್ತ್ರು? ನಮ್ಮನೆ ಅಜ್ಜಿ ಹೇಳ್ತದಾ? ಗ್ಯಾಸಿನವ್ರು ಹೆಸ್ರು ಕೇಳ್ದ್ರೆ ನನ್ನೇ ಕರೀತದೆ.”

ಮುಖ್ಯೋಪಾಧ್ಯಾಯರು ಕೆಮ್ಮಿದರು, ನಗು ತಡೆಯಲು ಎಂದು ನನ್ನ ಅನಿಸಿಕೆ. ತಮ್ಮ ಫೋನಿನಲ್ಲಿ ಫಲಕವನ್ನು ತೆರೆದು ಹೆಸರನ್ನು ಅತ್ತಿಗೆಗೆ ತೋರಿಸಿ, “ಇದೇ ಏನು?” ಎಂದರು. ಅವಳು ತಲೆಯಾಡಿಸಿದಳು. ಹುಡುಗಿ ಎರಡು ಹೆಜ್ಜೆ ಮುಂದೆ ಬಂದಳು.

“ಹಂಗಾರೆ ಉಪ್ಪಿಗೆ ಕೈ ಅದ್ಯಾ ಕೇಳ್ದದ್ದು ನೀವಾ ಅಕ್ಕಾ?”

“ಹೌದು. ನೀ ಬಾವಿ ನೋಡ್ದ್ಯಾ?”

“ನೋಡ್ದೆ! ಅಪ್ಪ ಫೋನ್ ಕಸ್ಕಂಡ್ರು, ಬರಿಯೂಕೇ ಆಗ್ಲಿಲ್ಲ. ಏರ್ತದೆ ಅಕ್ಕಾ. ಜಾ‌ಸ್ತಿ ಇಲ್ಲ, ಕಲ್ಲಿನ ಮೇಲೆ ನಾಕು ಬೆರಳು. ಆದ್ರೆ ಭರತ ಬಂದ ಕೂಡ್ಲೇ ಅಲ್ಲ, ತಡ ಆಗಿ.”

“ತಡ ಯಾಕೆ?” ಎಂದಳು ಅತ್ತಿಗೆ. ಆ ಕೋಣೆಯಲ್ಲಿ ತಾನು ಯಾಕೆ ನಿಂತಿದ್ದೇನೆ ಎಂಬುದು ಅವಳಿಗೆ ಕ್ಷಣಕಾಲ ಮರೆತೇಹೋಗಿತ್ತು.

ಹುಡುಗಿಯ ತಂದೆ ಒಮ್ಮೆ ಮಗಳನ್ನು, ಒಮ್ಮೆ ಅತ್ತಿಗೆಯನ್ನು ನೋಡಿದರು. ಎದ್ದು ಅಣ್ಣನಿಗೆ, “ಬೇಜಾರು ಮಾಡ್ಕಣ್ಬೇಡ ಮಾರಾಯ. ಹೆಣ್ಣು ಮಗು, ಹೆದ್ರಿಕೆ ಆತು,” ಎಂದರು. ಅಣ್ಣ, “ನಂಗೂ ಒಂದು ಅದೆ. ನಾ ಇದ್ರೂ ಹಂಗೇ ಮಾಡ್ತಿದ್ದೆ,” ಎಂದ.

ಮುಖ್ಯೋಪಾಧ್ಯಾಯರು ಅತ್ತಿಗೆಯನ್ನು ಇದೆಲ್ಲ ಯಾಕೆ ಎಂದು ಕೇಳಿದರು. ಎಸ್ಸೆಸ್ಸೆಲ್ಸಿ ಕಟ್ಟಬೇಕೆಂಬ ಆಸೆಯನ್ನು ಅವಳು ಅಲ್ಲಿ ಹೇಳಿದಳು. ಅಣ್ಣ ಅದನ್ನು ಮೊದಲ ಸಲ ಕೇಳಿದ್ದು ಹೀಗೆ, ಬೇರೆಯವರ ಎದುರಿಗೆ, ಗೋಡೆಗೆ ಒರಗಿ ನಿಂತುಕೊಂಡು. ಮುಖ್ಯೋಪಾಧ್ಯಾಯರ ತೀರ್ಮಾನ ಸ್ಪಷ್ಟವಾಗಿತ್ತು. ಮಕ್ಕಳ ಫಲಕದಲ್ಲಿ ಹೊರಗಿನವರು, ಅದರಲ್ಲಿಯೂ ಇನ್ನೊಬ್ಬರ ಹೆಸರಿನಲ್ಲಿ, ಇರುವಂತಿಲ್ಲ. ಆ ಹೆಸರನ್ನು ಅಂದೇ ತೆಗೆಯಬೇಕು. “ನಮ್ಮ ಶಾಲೆಯ ಮೂಲಕ ಪರೀಕ್ಷೆಗೆ ಹೆಸರು ಕೊಟ್ಟರೆ ನೀವೂ ನಮ್ಮ ವಿದ್ಯಾರ್ಥಿಯೇ. ಆಗ ನಿಮ್ಮ ಹೆಸರಿನಲ್ಲೇ ಬಂದು ಎಷ್ಟು ಬೇಕಾದರೂ ಕೇಳಿ. ಇನ್ನೊಂದು ವಾರ ಸಮಯವಿದೆ,” ಎಂದರು. ನಾನು ಅಲ್ಲಿಯೇ ನಿಂತು ಅಣ್ಣನ ಹೆಸರನ್ನು ಫಲಕದಿಂದ ಅಳಿಸಿದೆ.

ಆ ರಾತ್ರಿ ಊಟವಾದ ಮೇಲೆ ಅಣ್ಣ ಜಗುಲಿಯಲ್ಲಿ ಕೂತು, “ನಂಗೆ ಹೇಳಿದ್ರೆ ಬ್ಯಾಡ ಅಂತಿದ್ನಾ?” ಎಂದ.

“ಆತು ಅಂತಿದ್ರಾ?” ಎಂದಳು ಅತ್ತಿಗೆ ಒಳಗಿನಿಂದ.

ಅವನು “ಗೊತ್ತಿಲ್ಲ,” ಎಂದ. ಸುಳ್ಳು ಹೇಳದ ಅವನ ಆ ಉತ್ತರ ನನಗೆ ಹಿಡಿಸಿತು, ಅದರಿಂದ ಏನೂ ತೀರ್ಮಾನವಾಗದಿದ್ದರೂ. ಅವ್ವಿ ನಡುವೆ, “ಇವ್ಳು ಪರೀಕ್ಷೆ ಬರಿಯೂಕೆ ಹೋದ್ರೆ ಒಲೆ ಯಾರು ಹೊತ್ಸೂದು? ನಾ ಗದ್ದೆಗೆ ಹೋಗ್ಲೋ ಇಲ್ಲಿ ಕೂರ್ಲೋ?” ಎಂದಳು. ಆ ಪ್ರಶ್ನೆಯೂ ನ್ಯಾಯವಾದದ್ದೇ ಆಗಿತ್ತು.

ಅಣ್ಣ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ದಿನಗಳು ಹೋಗುತ್ತಿದ್ದವು. ಅತ್ತಿಗೆ ಮತ್ತೆ ಕೇಳಲಿಲ್ಲ, ಕೇಳುವವಳೂ ಅಲ್ಲ. ನಾನು ಕೇಳಬಹುದಿತ್ತು. ಆದರೆ ಗಂಡ ಹೆಂಡಿರ ನಡುವಿನ ಮಾತನ್ನು ನಾನು ಎತ್ತಿದರೆ ಅದು ಕೆಟ್ಟೀತು ಎಂಬ ಹೆದರಿಕೆ ನನ್ನನ್ನು ತಡೆಯಿತು.

ಮಕ್ಕಳಿಗೆ ಅಂಥ ಹೆದರಿಕೆ ಇರಲಿಲ್ಲ. ಫಲಕದಲ್ಲಿ ಅಕ್ಕ ಇಲ್ಲವೆಂದು ತಿಳಿದ ಮೇಲೆ ಅವರು ಉತ್ತರಗಳನ್ನು ಟೆಂಪೋದಲ್ಲಿ ಕೊಟ್ಟು ಕಳುಹಿಸತೊಡಗಿದರು. ಬಾವಿ ತಡವಾಗಿ ಏರುವುದು ಯಾಕೆಂದರೆ ನೀರು ಮರಳಿನೊಳಗಿಂದ ನುಸುಳಿ ಬರಬೇಕು, ಇದನ್ನು ಅಕ್ಕನಿಗೆ ಹೇಳಿ ಎಂದು ಒಬ್ಬಳು. ಅಣ್ಣ ಅದನ್ನು ತಂದು ಹೇಳಿದ. ಅತ್ತಿಗೆ ಅಕ್ಕಿ ಆರಿಸುತ್ತಾ, “ಹಂಗಾರೆ ಬಾವಿ ನೀರು ಉಪ್ಪಾಗ್ಬೇಕಿತ್ತಲ್ಲ, ಯಾಕಾಗೂದಿಲ್ಲ?” ಎಂದಳು. ಮರುದಿನ ಬೆಳಿಗ್ಗೆ ಅವನೇ ಮಕ್ಕಳನ್ನು ಕೇಳಿದ. ಮಕ್ಕಳು ಮೂರು ಬಗೆಯಾಗಿ ಹೇಳಿದರು. ಟೆಂಪೋದಲ್ಲಿ ಮೀನಿನ ಬುಟ್ಟಿ ಹಿಡಿದು ಕೂತಿದ್ದ ಹೆಂಗಸರೂ ಜಗಳಕ್ಕೆ ಸೇರಿಕೊಂಡು, ಯಾರ ಯಾರ ಬಾವಿ ಯಾವ ತಿಂಗಳಲ್ಲಿ ಸವಳಾಗುತ್ತದೆ ಎಂಬ ಲೆಕ್ಕ ತೆಗೆದರು. ಅಣ್ಣ ಮನೆಗೆ ಬಂದು ಮೂರನ್ನೂ ಕಲಸಿ ಹೇಳಿದ. ಅತ್ತಿಗೆ ನಕ್ಕು, “ಇದ್ರಲ್ಲಿ ಯಾವ್ದು ಮಕ್ಳದ್ದು, ಯಾವ್ದು ಮೀನ್ ಮಾರೂವವ್ರದ್ದು?” ಎಂದು ಕೇಳಿದಳು.

ನೋಂದಣಿ ಮುಗಿಯುವ ಹಿಂದಿನ ಸಂಜೆ ಅವನು ಟೆಂಪೋ ನಿಲ್ಲಿಸಿ ಅಂಗಳಕ್ಕೆ ಬಂದವನೇ ತಲೆಗೆ ಕಟ್ಟಿದ್ದ ಟವೆಲ್ಲನ್ನು ಬಿಚ್ಚಿ ಕಟ್ಟೆಯ ಮೇಲೆ ಎಸೆದ. “ಏ, ಕೇಳ್ತಾ? ನಾ ಟೆಂಪೋ ಹೊಡಿಯೂದೋ ನಿಮ್ಮ ಟಪಾಲು ಹೊರೂದೋ? ಅವು ಒಂದು ಹೇಳ್ತಾವೆ, ನೀ ಒಂದು ಕೇಳ್ತೆ, ನಾ ನಡೂಕೆ ಕೂತು ತಲೆ ಕೆಟ್ಟೋತು. ಇಂದು ಸ್ಟಾಪು ಬಿಟ್ಟು ಮುಂದೆ ಹೋದೆ, ಜನ ಬೈದ್ರು. ನಂಗೆ ಬ್ಯಾಡ ಇದು. ನಾಳೆ ಬೆಳಿಗ್ಗೆ ನೀನೇ ಬಂದು ಹೆಸ್ರು ಕೊಟ್ಟು, ನಿಂಗೆ ಎಂತಾ ಬೇಕು ಅದನ್ನ ನೀನೇ ಕೇಳ್ಕಾ.”

ಅತ್ತಿಗೆ ಒಳಗೆ ಹೋಗಿ ಅವನಿಗೆ ಚಾ ತಂದಿಟ್ಟಳು. ಮರುದಿನ ಬೆಳಿಗ್ಗೆ ಅವನು ಟೆಂಪೋದ ಮುಂದಿನ ಆಸನವನ್ನು ಅವಳಿಗೆ ಬಿಡಿಸಿಕೊಟ್ಟ. ಹಿಂದೆ ಕೂತ ಮಕ್ಕಳು ಶಾಲೆ ಬರುವವರೆಗೂ ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲವಂತೆ. ಹಗಲು ಹನ್ನೆರಡಕ್ಕೆ ನೋಂದಣಿ ಮುಗಿಯಿತು. ಆ ಸಂಜೆ ಫಲಕದಲ್ಲಿ ಅವಳ ಸ್ವಂತ ಹೆಸರು ಸೇರಿತು.

ಅನಂತರ ನಮ್ಮ ಮನೆಯಲ್ಲಿ ಬದಲಾದದ್ದನ್ನು ಇದ್ದ ಹಾಗೆ ಹೇಳಿ ಮುಗಿಸುತ್ತೇನೆ. ಅತ್ತಿಗೆ ಪರೀಕ್ಷೆಯನ್ನು ಅಂಕೋಲೆಯಲ್ಲಿ ಬರೆದಳು. ಗಣಿತದಲ್ಲಿ ಮೊದಲ ಸಲ ಹೋಯಿತು, ಎರಡನೆಯ ಸಲ ಪಾಸಾಯಿತು. ಈಗ ಅವಳು ಅಂಕೋಲೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಹೋದರೆ ಸಂಜೆ ಬರುತ್ತಾಳೆ. ಅವ್ವಿ ಗದ್ದೆಯ ಕೂಲಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ಬೆಳಗಿನ ಅಡುಗೆ ಅವಳದ್ದು, ರಾತ್ರಿಯದ್ದು ನನ್ನದು. ಅಣ್ಣ ಮೀನು ತಂದ ದಿನ ಅವನೇ ಕೊಯ್ದು ತೊಳೆದುಕೊಡುತ್ತಾನೆ. ನಟ್ಟಿಯ ಕಾಲದಲ್ಲಿ ಅವ್ವಿಯ ಕೈ ಸುಮ್ಮನೆ ಕೂರುವುದಿಲ್ಲ. ಒಬ್ಬಳೇ ಮನೆಯಲ್ಲಿರುವುದು ಬೇಸರ ಎಂದು ಈಗಲೂ ಗೊಣಗುತ್ತಾಳೆ. ಅದಕ್ಕೆ ನಮ್ಮಲ್ಲಿ ಯಾರ ಬಳಿಯೂ ಇನ್ನೂ ಪರಿಹಾರವಿಲ್ಲ.